ಭಾನುವಾರ ಸಂಜೆಯಾದರೆ ಮಗಳಿಗೆ ಹೊಟ್ಟೆನೋವು: ಶಿರಸಿ ಸುತ್ತ ಯಾರಿಗೆ ತೋರಿಸಬೇಕು?

ದೇವಿಮನೆ ತಿರುವು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿ–ಕುಮಟಾ ರಸ್ತೆಯಿಂದ ಸ್ವಲ್ಪ ಒಳಗೆ. ಮಗಳು ಪ್ರಥಮ ಪಿಯುಸಿ, ವಿಜ್ಞಾನ. ಕುಮಟೆಯಲ್ಲಿ ನಾದಿನಿಯ ಮನೆಯಲ್ಲಿ ಉಳಿದು ಓದುತ್ತಾಳೆ, ಶನಿವಾರ ಮನೆಗೆ ಬರುತ್ತಾಳೆ. ಶ್ರಾವಣದಿಂದೀಚೆಗೆ ಒಂದು ವಿಚಿತ್ರ ಶುರುವಾಗಿದೆ. ಭಾನುವಾರ ಮಧ್ಯಾಹ್ನ ಹೊಟ್ಟೆ ತುಂಬ ಉಣ್ಣುತ್ತಾಳೆ, ತಮ್ಮನ ಜೊತೆ ಜಗಳವನ್ನೂ ಆಡುತ್ತಾಳೆ. ಸಂಜೆ ಚೀಲಕ್ಕೆ ಬಟ್ಟೆ ತುಂಬುವ ಹೊತ್ತಿಗೆ “ಆಯಿ, ಹೊಟ್ಟೆ” ಎಂದು ಮುದುಡಿಕೊಂಡು ಕುಳಿತರೆ ಆಯಿತು, ಸೋಮವಾರ ಬೆಳಗಿನ ಬಸ್ ಹೋದ ಮೇಲೆಯೇ ಏಳುವುದು.

ಸ್ಕ್ಯಾನಿಂಗ್ ಆಯಿತು, ರಕ್ತ, ಮೂತ್ರ ಆಯಿತು. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಎಂಡೋಸ್ಕೋಪಿಯನ್ನೂ ಮಾಡಿಸಿದೆವು. ಎಲ್ಲವೂ ಸರಿಯಾಗಿದೆಯಂತೆ. “ಟೆನ್ಷನ್ ಇರಬೇಕು” ಎಂದು ಗ್ಯಾಸಿನ ಮಾತ್ರೆ ಬರೆದುಕೊಟ್ಟರು. ಅತ್ತೆಯವರು ದೃಷ್ಟಿ ತೆಗೆದರು, ಕಾಯಿ ಮಂತ್ರಿಸಿ ತಂದರು. ನಮ್ಮ ಮನೆಯವರ ಪ್ರಕಾರ ಇದು ಓದು ತಪ್ಪಿಸುವ ನಾಟಕ. ದಸರಾ ರಜೆ ಮುಗಿದ ಮೇಲೆ ಅವಳು ಕಾಲೇಜಿಗೆ ಹೋಗಿಯೇ ಇಲ್ಲ. ದೀಪಾವಳಿ ಹತ್ತಿರ ಬಂತು. ಈಗೀಗ ನೆಂಟರು ಬಂದರೆ ಜಗುಲಿಗೂ ಬರುವುದಿಲ್ಲ.

ಯಾರಿಗೆ ತೋರಿಸಬೇಕು? ಶಿರಸಿಯಲ್ಲಿ ಮಾನಸಿಕ ವೈದ್ಯರ ಬಾಗಿಲಲ್ಲಿ ಕುಳಿತರೆ ಮರುದಿನ ಸೊಸೈಟಿಯಲ್ಲಿ ಸುದ್ದಿ ಆಗಿರುತ್ತದೆ. ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ಎನ್ನುತ್ತಾರೆ. ನಾಳೆ ಅವಳ ಮದುವೆ ಮಾತುಕತೆಯೂ ಇದೆಯಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಅಘನಾಶಿನಿ

ತಂಗೀ, ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನರ್ಸ್. ನಿಮ್ಮ ಮನೆಯವರಿಗೆ ಮೊದಲು ಒಂದು ಮಾತು ಹೇಳಿ: ನೋವು ನಾಟಕವಲ್ಲ. ಕರುಳಿಗೂ ಮಿದುಳಿಗೂ ನರಗಳ ನೇರ ಸಂಪರ್ಕವಿದೆ. ಭಯವಾದಾಗ ಕರುಳು ಹಿಂಡುತ್ತದೆ, ವಾಕರಿಕೆ ಬರುತ್ತದೆ, ಭೇದಿಯೂ ಆಗುತ್ತದೆ. ಎಂಡೋಸ್ಕೋಪಿಯ ಕ್ಯಾಮೆರಾಕ್ಕೆ ಹುಣ್ಣು ಕಾಣುತ್ತದೆ, ಹಿಂಡುವುದು ಕಾಣುವುದಿಲ್ಲ. ತೂಕ ಇಳಿಯುವುದು, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಪದೇ ಪದೇ ವಾಂತಿ, ಇವು ಇದ್ದರೆ ಮತ್ತೆ ಹೊಟ್ಟೆಯ ವೈದ್ಯರ ಬಳಿಗೇ ಹೋಗಬೇಕು. ಇಲ್ಲದಿದ್ದರೆ ಇನ್ನೊಂದು ಸ್ಕ್ಯಾನಿಂಗ್ ಬೇಡ. ಪ್ರತಿ ಪರೀಕ್ಷೆಯೂ “ಒಳಗೆ ಏನೋ ದೊಡ್ಡದಿದೆ” ಎಂಬ ಹೆದರಿಕೆಯನ್ನು ಮಗುವಿನಲ್ಲಿ ಗಟ್ಟಿ ಮಾಡುತ್ತದೆ.

ಎಲ್ಲಿಗೆ ಎಂದು ಕೇಳಿದಿರಿ. ‘ಮನೋಚೈತನ್ಯ’ ಎಂಬ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ತಪಾಸಣೆ ಇರುತ್ತದೆ, ಮಾತ್ರೆ ಉಚಿತ. ಆದರೆ ನಮ್ಮ ಜಿಲ್ಲೆ ಭಟ್ಕಳದಿಂದ ಜೋಯಿಡಾವರೆಗೆ ಚಾಚಿಕೊಂಡಿದೆ, ವೈದ್ಯರು ಕೈಬೆರಳೆಣಿಕೆ. ಆದ್ದರಿಂದ ಹೊರಡುವ ಮುನ್ನ ಫೋನ್ ಮಾಡಿ, ಈ ವಾರ ನಿಮ್ಮಲ್ಲಿ ಯಾರು ಕೂರುತ್ತಾರೆ ಎಂದು ಕೇಳಿಕೊಳ್ಳಿ. 10ರಿಂದ 19 ವರ್ಷದವರಿಗೆಂದೇ ‘ಸ್ನೇಹ ಕ್ಲಿನಿಕ್’ ಇದೆ. ಅಲ್ಲಿ ಮುಟ್ಟಿನ ತೊಂದರೆ, ರಕ್ತಹೀನತೆಯಿಂದ ಹಿಡಿದು ಮನಸ್ಸಿನ ಮಾತಿನವರೆಗೆ ಎಲ್ಲವನ್ನೂ ಕೇಳುವವರಿರುತ್ತಾರೆ. ಅದರ ಬಾಗಿಲಲ್ಲಿ ಕುಳಿತವರನ್ನು ಕಂಡು ಸೊಸೈಟಿಯಲ್ಲಿ ಯಾರೂ ಕಥೆ ಕಟ್ಟುವುದಿಲ್ಲ.

ಕಾಲೇಜಿನಲ್ಲಿ ಏನಾಯಿತು ಎಂದು ಅವಳನ್ನು ಕೇಳಿದಿರಾ? ಎಲ್ಲರೆದುರು ಬೇಡ. ಪಾತ್ರೆ ತೊಳೆಯುವಾಗಲೋ ಹೂ ಕೊಯ್ಯುವಾಗಲೋ, ಮುಖಕ್ಕೆ ಮುಖ ಕೊಡದೆ ಕೇಳಿ. ಹೆಣ್ಣುಮಕ್ಕಳು ಹಾಗೆ ಬೇಗ ಬಾಯಿ ಬಿಡುತ್ತಾರೆ.

ತೋಟದ ಮನೆ

ನಮ್ಮ ಕಾಲದಲ್ಲಿ ಒಂದೊಂದು ಮನೆಯಲ್ಲಿ ಎಂಟು ಹತ್ತು ಮಕ್ಕಳು. ಐದಾರು ಮೈಲಿ ನಡೆದು ಶಾಲೆಗೆ ಹೋಗುತ್ತಿದ್ದೆವು. ಯಾರಿಗೂ ಟೆನ್ಷನ್ ಇರಲಿಲ್ಲ. ಈಗ ಮೊಬೈಲ್ ಕೊಟ್ಟು, ತಟ್ಟೆಯ ಮುಂದೆ ಕೂರಿಸಿ ತುತ್ತು ಹಾಕಿ ಬೆಳೆಸಿದರೆ ಇನ್ನೇನಾಗುತ್ತದೆ? ಹದಿನೈದು ದಿನ ತೋಟದ ಕೆಲಸಕ್ಕೆ ಹಚ್ಚಿ. ತಾನಾಗಿ ಕಾಲೇಜು ಬೇಕು ಎನ್ನುತ್ತಾಳೆ.

ಕುಮಟೆಯ ಮೇಷ್ಟ್ರು

ತೋಟದ ಮನೆ ಹೆಗಡೆಯವರೇ, ನಿಮ್ಮ ಕಾಲದಲ್ಲಿಯೂ ಇತ್ತು. ಅಂಥವರನ್ನು ಶಾಲೆ ಬಿಡಿಸಿ ದನ ಕಾಯಲು ಹಾಕುತ್ತಿದ್ದರು, ‘ಅವನಿಗೆ ವಿದ್ಯೆ ಹತ್ತಲಿಲ್ಲ’ ಎಂದು ಮುಗಿಸುತ್ತಿದ್ದರು. ನನ್ನ ಜೊತೆ ಓದಿದವರಲ್ಲಿಯೇ ಅಂಥವರಿದ್ದರು.

ಆ ತಾಯಿಗೆ: ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವನು. ಎಸ್ಸೆಸ್ಸೆಲ್ಸಿಯಲ್ಲಿ ಊರಿಗೇ ಮೊದಲು ಬಂದ ಮಕ್ಕಳು ಪ್ರಥಮ ಪಿಯುಸಿಯ ಆಗಸ್ಟ್ ತಿಂಗಳಲ್ಲಿ ಕುಸಿಯುವುದನ್ನು ಪ್ರತಿ ವರ್ಷ ನೋಡುತ್ತೇನೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಭೌತಶಾಸ್ತ್ರ ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಮೊದಲ ಕಿರುಪರೀಕ್ಷೆಯಲ್ಲಿ ಜೀವನದಲ್ಲೇ ಕಾಣದ ಅಂಕ ಬರುತ್ತದೆ. ಊರಿನಲ್ಲಿ ಸನ್ಮಾನ ಮಾಡಿಸಿಕೊಂಡ ಹುಡುಗಿ ಆ ಅಂಕವನ್ನು ಯಾರಿಗೆ ತೋರಿಸಬೇಕು?

ಮನೆಯಲ್ಲಿ ಉಳಿದಷ್ಟೂ ಹೊರಡುವುದು ಕಷ್ಟವಾಗುತ್ತದೆ ಎನ್ನುವುದು ಮಾತ್ರ ನನ್ನ ಅನುಭವ. ಒಮ್ಮೆ ಬಿಟ್ಟರೆ ನೋಟ್ಸ್ ಹಿಂದೆ ಬೀಳುತ್ತದೆ, ಗೆಳತಿಯರು ‘ಏಕೆ ಬರಲಿಲ್ಲ’ ಎಂದು ಕೇಳುತ್ತಾರೆ. ಕೊನೆಗೆ ಆ ಪ್ರಶ್ನೆಯೇ ಪಾಠಕ್ಕಿಂತ ದೊಡ್ಡ ಭಯವಾಗುತ್ತದೆ. ಪೂರ್ತಿ ದಿನ ಬೇಡ. ಪ್ರಾಂಶುಪಾಲರನ್ನು ಕೇಳಿ ಮೊದಲ ವಾರ ಎರಡು ಪೀರಿಯಡ್ ಕೂರಿಸಿ ನೋಡಿ.

ದೇವಿಮನೆ ತಿರುವು

ಅಕ್ಕ, ನೀವು ಹೇಳಿದಂತೆ ಕೇಳಿದೆ. ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ. ಮೊದಲು ಏನೂ ಇಲ್ಲ ಎಂದಳು. ಕೊನೆಗೆ ಹೇಳಿದಳು. ವಾರದ ಟೆಸ್ಟಿನ ಅಂಕದ ಮೇಲೆ ಬ್ಯಾಚ್ ಬದಲಾಗುತ್ತದಂತೆ. ಮೊದಲ ಬ್ಯಾಚಿನಲ್ಲಿ ಇದ್ದವಳನ್ನು ಕೊನೆಯದಕ್ಕೆ ಕಳುಹಿಸಿದ್ದಾರೆ. ಪಟ್ಟಿಯನ್ನು ಪಾಲಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ಆ ಗುಂಪಿನಲ್ಲಿ ನಮ್ಮ ನಾದಿನಿಯ ನಂಬರ್ ಇದೆ, ನಮ್ಮದು ಇಲ್ಲ! ಸೋಮವಾರ ಬೆಳಿಗ್ಗೆ ಪಟ್ಟಿ ಬರುತ್ತದೆ. ಭಾನುವಾರದ ಹೊಟ್ಟೆನೋವು ಎಲ್ಲಿಂದ ಎಂದು ಆಗ ತಿಳಿಯಿತು.

ಇನ್ನೊಂದು ಮಾತನ್ನೂ ಹೇಳಿದಳು, ಅದಕ್ಕೇ ಕೈ ನಡುಗುತ್ತಿದೆ. “ನಾನು ಇಲ್ಲದಿದ್ದರೆ ನಿಮಗೆ ಖರ್ಚಾದರೂ ಉಳಿಯುತ್ತಿತ್ತು.” ಅದರ ಬಗ್ಗೆ ಮತ್ತೆ ಕೇಳಬೇಕೋ ಬೇಡವೋ? ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ನಾದಿನಿ ಹೇಳುತ್ತಾಳೆ.

ಬಿಳಿ ಕೋಟು

ಕೇಳಬೇಕು, ಇವತ್ತೇ. ನಾನು ಅಂಕೋಲಾ ಕಡೆಯವನು, ಈಗ ಜಿಲ್ಲೆಯ ಹೊರಗೆ ಮಕ್ಕಳ ಮನೋವೈದ್ಯ. ಇಲ್ಲಿ ಬರೆಯುವುದು ಮಾಹಿತಿ ಮಾತ್ರ. ಮಗುವನ್ನು ನೋಡದೆ ಚಿಕಿತ್ಸೆ ಹೇಳಲಾಗದು.

ಸಾಯುವ ಯೋಚನೆ ಬಂದಿದೆಯೇ ಎಂದು ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದನ್ನು ಅನೇಕ ಅಧ್ಯಯನಗಳು ನೋಡಿವೆ. ಕೇಳಿದಾಗ ಹೆಚ್ಚಿನ ಮಕ್ಕಳಿಗೆ ಹೊರೆ ಇಳಿದಂತಾಗುತ್ತದೆ. ಸುತ್ತಿ ಬಳಸದೆ ಕೇಳಿ: “ಬದುಕುವುದೇ ಬೇಡ ಎನಿಸಿತ್ತೇ? ಏನಾದರೂ ಮಾಡಿಕೊಳ್ಳಬೇಕು ಎನಿಸಿತ್ತೇ? ಈಗಲೂ ಎನಿಸುತ್ತದೆಯೇ?” ಹೌದು ಎಂದರೆ ಬೈಯಬೇಡಿ, ಅಳುತ್ತಾ ಆಣೆ ಹಾಕಿಸಬೇಡಿ, ಒಂಟಿಯಾಗಿ ಬಿಡಬೇಡಿ. ಯೋಜನೆ ಮಾಡಿಕೊಂಡಿದ್ದಾಳೆ ಎನಿಸಿದರೆ ಮಂಗಳವಾರಕ್ಕೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಇನ್ನೊಂದು ಕೆಲಸ, ಇದನ್ನು ಓದಿ ಮುಗಿಸಿದ ಕೂಡಲೇ. ತೋಟಕ್ಕೆ ಹೊಡೆಯುವ ಔಷಧಿ, ಕಳೆನಾಶಕ, ಮೈಲುತುತ್ತ, ಮನೆಯ ಹಿರಿಯರ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ, ಎಲ್ಲವೂ ಬೀಗದೊಳಗೆ ಹೋಗಲಿ, ಕೀಲಿಕೈ ದೊಡ್ಡವರೊಬ್ಬರ ಬಳಿ ಇರಲಿ. ಅಡಿಕೆ ಬೆಳೆಯುವ ಮನೆಗಳಲ್ಲಿ ಇವು ಮೆಟ್ಟಿಲ ಕೆಳಗೋ ಬಚ್ಚಲಿನ ಪಕ್ಕವೋ ತೆರೆದೇ ಇರುತ್ತವೆ. ಹರೆಯದವರಲ್ಲಿ ಆ ಯೋಚನೆ ಎಷ್ಟೋ ಸಲ ಕೆಲವೇ ನಿಮಿಷಗಳ ಉಬ್ಬರ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಹೆಚ್ಚಿನವರು ಬದುಕಿ ಉಳಿಯುತ್ತಾರೆ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣ ದೊಡ್ಡದಾಗಿ ಇಳಿಯಿತು.

ರಾತ್ರಿ ಹೊತ್ತು ಗಾಬರಿಯಾದರೆ 14416. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಉಚಿತ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತನಾಡುತ್ತಾರೆ. ಮೊದಲು ಆಪ್ತಸಮಾಲೋಚಕರು ಸಿಗುತ್ತಾರೆ, ಬೇಕಾದರೆ ತಜ್ಞರಿಗೆ ಜೋಡಿಸುತ್ತಾರೆ. ಸಾಧಾರಣ ಫೋನ್ ಕರೆ ಸಾಕು, ಇಂಟರ್ನೆಟ್ ಬೇಕಿಲ್ಲ. ನೆಟ್‌ವರ್ಕಿಗಾಗಿ ಗುಡ್ಡ ಹತ್ತುವ ನಮ್ಮ ಊರುಗಳಿಗೆ ಇದೇ ದೊಡ್ಡ ಅನುಕೂಲ. ತಾಯಿಯೂ ತನಗಾಗಿ ಕರೆ ಮಾಡಬಹುದು.

ತೋಟದ ಮನೆ

ಬೀಗದ ಮಾತು ಒಪ್ಪಿದೆ. ಇವತ್ತೇ ನಮ್ಮ ಮನೆಯಲ್ಲಿಯೂ ಹಾಕಿಸುತ್ತೇನೆ, ಮೊಮ್ಮಕ್ಕಳಿದ್ದಾರೆ. ಉಳಿದದ್ದು ಒಪ್ಪಿಲ್ಲ. ದೇವರ ಕಾರ್ಯ, ಹರಕೆ ಎಲ್ಲ ಬಿಡಬೇಕೇ?

ಅಘನಾಶಿನಿ

ಬಿಡಿ ಎಂದು ಯಾರು ಹೇಳಿದರು? ಮಾರಿಕಾಂಬೆಗೆ ಹರಕೆ ಹೊರಲಿ, ದೃಷ್ಟಿಯನ್ನೂ ತೆಗೆಯಲಿ. ಅಜ್ಜಿ ಪಕ್ಕದಲ್ಲಿ ಕುಳಿತು ತಲೆ ಸವರಿದರೆ ಮಗುವಿಗೆ ಹಿತವೇ ಆಗುತ್ತದೆ. ಬರೆ ಹಾಕುವುದು, ಹೊಡೆಯುವುದು, ಉಪವಾಸ ಕೆಡಹುವುದು, ಮಾತ್ರೆ ನಿಲ್ಲಿಸಿ ಎನ್ನುವುದು, ಈ ನಾಲ್ಕು ಬಂದರೆ ಮಾತ್ರ ಅಲ್ಲಿಂದ ಎದ್ದು ಬನ್ನಿ.

ಬೆಂಗಳೂರು ಬಸ್

ಇಲ್ಲಿ ಸುಮ್ಮನೆ ಸಮಯ ಕಳೆಯಬೇಡಿ. ರಾತ್ರಿ ಬಸ್ ಹತ್ತಿ ನೇರ ನಿಮ್ಹಾನ್ಸ್‌ಗೆ ಕರೆದುಕೊಂಡು ಬನ್ನಿ. ಮಕ್ಕಳು ಮತ್ತು ಹದಿಹರೆಯದವರಿಗೆ ಅಲ್ಲಿ ಪ್ರತ್ಯೇಕ ವಿಭಾಗವೇ ಇದೆ. ನಮ್ಮ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಇಷ್ಟು ವರ್ಷ ಕೂಗಿದರೂ ಏನಾಯಿತು? ಮಕ್ಕಳ ವಿಷಯದಲ್ಲಿ ರಾಜಿ ಬೇಡ.

ಬಿಳಿ ಕೋಟು

ನಿಮ್ಹಾನ್ಸ್ ಬಗ್ಗೆ ನನಗೂ ಗೌರವವಿದೆ. ಆದರೆ ಆತಂಕ, ಖಿನ್ನತೆಯ ಹೆಚ್ಚಿನ ಮಕ್ಕಳಿಗೆ ಬೇಕಾದದ್ದು ದೂರದ ದೊಡ್ಡ ವೈದ್ಯರ ಒಂದು ಭೇಟಿಯಲ್ಲ. ಹತ್ತಿರದ ಒಬ್ಬರು ತಿಂಗಳುಗಟ್ಟಲೆ ಮತ್ತೆ ಮತ್ತೆ ನೋಡುವುದು. ಮಾತಿನ ಚಿಕಿತ್ಸೆ ಎನ್ನುವುದು ವಾರ ವಾರದ ಕೆಲಸ. ಬೆಂಗಳೂರಿನಿಂದ ಒಂದು ದಪ್ಪ ಫೈಲು ತಂದು ಕಪಾಟಿನಲ್ಲಿಟ್ಟು, ಆರು ತಿಂಗಳ ನಂತರ “ಅಲ್ಲಿಗೂ ಹೋಗಿ ಬಂದೆವು, ಗುಣವಾಗಲಿಲ್ಲ” ಎನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ. ರೋಗ ಯಾವುದೆಂದು ಗೊಂದಲವಿದ್ದರೆ, ಎರಡು ಮೂರು ಔಷಧಿಗೂ ಬಗ್ಗದಿದ್ದರೆ, ಮೂರ್ಛೆ ಅಥವಾ ಆಟಿಸಂ ಜೊತೆ ಸೇರಿಕೊಂಡಿದ್ದರೆ ಆಗ ನಿಮ್ಹಾನ್ಸ್ ಸರಿ. ನಡುವೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಶಿರಸಿಯಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಕರಾವಳಿಯವರಿಗೆ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್, ತೆಂಕಣದವರಿಗೆ ಮಣಿಪಾಲ.

ತೋಟದ ಮನೆ

ಇದು ನನಗೆ ಅರ್ಥವಾಗುವ ಮಾತು. ಅಡಿಕೆಯ ಕೊಳೆ ರೋಗಕ್ಕೆ ಮಳೆ ಹಿಡಿಯುವ ಮೊದಲು ಒಮ್ಮೆ ಬೋರ್ಡೋ ದ್ರಾವಣ ಹೊಡೆದು ಸುಮ್ಮನೆ ಕುಳಿತರೆ ಕೊನೆಗೆ ಮರದ ಬುಡದಲ್ಲಿ ಉದುರು ಅಡಿಕೆ ಆರಿಸಬೇಕಾಗುತ್ತದೆ. ಮಳೆಯ ನಡುವೆ ಮತ್ತೆ ಹೊಡೆಯಲೇಬೇಕು. ಹಾಗೆ ಎನ್ನಿ.

ಹೊನ್ನಾವರದ ಹುಡುಗ

ಮಾತ್ರೆ, ಮದುವೆ, ಮರ್ಯಾದೆ ಎಂದು ಬರೆದದ್ದಕ್ಕೆ ನನ್ನ ಕಥೆ ಹೇಳುತ್ತೇನೆ. ನನಗೀಗ 21, ಎಂಜಿನಿಯರಿಂಗ್ ಓದುತ್ತಿದ್ದೇನೆ.

ಒಂಬತ್ತನೆಯ ತರಗತಿಯಲ್ಲಿ ಕೈ ತೊಳೆಯುವುದು ಶುರುವಾಯಿತು. ನಮ್ಮದು ಮಡಿಯ ಮನೆ. ಸ್ನಾನ ಮಾಡದೆ ಅಡುಗೆಮನೆ ಹೊಗುವಂತಿಲ್ಲ, ಬಸ್ಸಿನಲ್ಲಿ ಬಂದವರು ಬಾವಿಕಟ್ಟೆಗೆ ಹೋಗಿಯೇ ಒಳಗೆ ಬರಬೇಕು. ಹಾಗಾಗಿ ನಾನು ಗಂಟೆಗಟ್ಟಲೆ ಬಾವಿಕಟ್ಟೆಯಲ್ಲಿ ನಿಂತರೆ ಅಜ್ಜಿಗೆ ಹೆಮ್ಮೆ. “ಈ ಕಾಲದಲ್ಲೂ ಇಂಥ ಹುಡುಗ!” ಎಂದು ಬಂದವರೆದುರು ಹೇಳುತ್ತಿದ್ದಳು. ಒಳಗೆ ನಡೆಯುತ್ತಿದ್ದದ್ದು ಬೇರೆ. ಕೈಯಲ್ಲಿ ಏನೋ ಅಂಟಿದೆ, ಅದನ್ನು ಮುಟ್ಟಿ ಅಜ್ಜಿಗೆ ಏನಾದರೂ ಆದರೆ ನಾನೇ ಕಾರಣ, ಹೀಗೆಂದು ತಲೆಯಲ್ಲಿ ಓಡುತ್ತಿತ್ತು. ಸುಳ್ಳು ಎಂದು ನನಗೇ ಗೊತ್ತಿತ್ತು, ಆದರೂ ತೊಳೆಯದೆ ಇರಲಾಗುತ್ತಿರಲಿಲ್ಲ. ಬೆರಳ ಸಂದಿಯಲ್ಲಿ ಚರ್ಮ ಬಿರಿದು ರಕ್ತ ಬಂದಾಗ ಶಾಲೆಯ ಶಿಕ್ಷಕಿಯೊಬ್ಬರು ಗಮನಿಸಿದರು.

ಇದಕ್ಕೆ ಗೀಳು ಕಾಯಿಲೆ ಎನ್ನುತ್ತಾರೆ, ಒಸಿಡಿ. ಮಣಿಪಾಲಕ್ಕೆ ರೈಲಿನಲ್ಲಿ ಹೋಗುತ್ತಿದ್ದೆವು. ಮಾತ್ರೆಯೂ ಇತ್ತು. ಆದರೆ ನನ್ನನ್ನು ಮೇಲೆತ್ತಿದ್ದು ಕ್ಲಿನಿಕಲ್ ಸೈಕಾಲಜಿಸ್ಟ್ ಕೊಟ್ಟ ಅಭ್ಯಾಸ. ಹೆದರಿಕೆ ಕಡಿಮೆ ಇರುವುದರಿಂದ ಹೆಚ್ಚಿನದರವರೆಗೆ ಒಂದು ಪಟ್ಟಿ ಬರೆಸಿದರು. ಮೊದಲನೆಯದು, ಮನೆಯ ಗೇಟಿನ ಚಿಲಕ ಮುಟ್ಟಿ ಕಾಲು ಗಂಟೆ ಕೈ ತೊಳೆಯದೆ ಇರುವುದು. ಆಮೇಲೆ ಬಸ್ಸಿನ ಕಂಬಿ. ಆಮೇಲೆ ಬಸ್ಸಿನ ಕಂಬಿ ಹಿಡಿದ ಕೈಯಲ್ಲೇ ಅವಲಕ್ಕಿ ತಿನ್ನುವುದು. ಮೊದಲ ಸಲ ಎದೆ ಹೊಡೆದುಕೊಂಡು ಸತ್ತೇ ಹೋಗುತ್ತೇನೆ ಎನಿಸಿತು. ತೊಳೆಯದೆ ಕುಳಿತರೂ ಆ ಭಯ ಒಂದು ಎತ್ತರಕ್ಕೆ ಹೋಗಿ ತಾನಾಗಿಯೇ ಇಳಿಯುತ್ತದೆ. ಅದನ್ನು ಮೈಯಿಂದಲೇ ಕಲಿಯಬೇಕು.

ಮನೆಯವರಿಗೂ ಪಾಠವಿತ್ತು. “ಅಮ್ಮಾ, ಸ್ವಚ್ಛವಾಯಿತೇ?” ಎಂದು ನಾನು ಕೇಳಿದಾಗಲೆಲ್ಲ “ಆಯಿತು ಮಗನೇ” ಎನ್ನುವುದನ್ನು ಅಮ್ಮ ನಿಲ್ಲಿಸಬೇಕಿತ್ತು. ಹಾಗೆನ್ನುವುದು ಪ್ರೀತಿಯೇ, ಆದರೆ ರೋಗಕ್ಕೆ ಅದೇ ಮೇವು. ಅಮ್ಮನಿಗೆ ನನಗಿಂತ ಹೆಚ್ಚು ಕಷ್ಟವಾಯಿತು. ಅಜ್ಜಿ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ, ಮಣಿಪಾಲದವರು ಮಡಿ ಕೆಡಿಸಿದರು ಎಂದೇ ಹೇಳುತ್ತಿದ್ದಳು.

ದೇವಿಮನೆ ತಿರುವು

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಕ್ಲಿನಿಕಲ್ ಸೈಕಾಲಜಿಸ್ಟ್, ಆಪ್ತಸಮಾಲೋಚಕ, ಮನೋವೈದ್ಯ, ಇವರಲ್ಲಿ ಯಾರು ಯಾರು? ಶಿರಸಿಯಲ್ಲಿ ‘ಮೈಂಡ್ ಕೋಚ್’ ಎಂಬ ಫಲಕವನ್ನೂ ನೋಡಿದೆ.

ಬಿಳಿ ಕೋಟು

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಅಥವಾ ಸಮಾನ ಪದವಿ ಪಡೆದವರು. ಔಷಧಿ ಬರೆಯಬಲ್ಲವರು ಅವರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧಿ ಬರೆಯುವುದಿಲ್ಲ, ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ಅವರ ಕೆಲಸ. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಹೇಳಲು ಅವರಿಗೆ ಸಂಕೋಚವಿರುವುದಿಲ್ಲ. ಸಮಾಲೋಚಕರಲ್ಲಿ ಬಹಳ ಒಳ್ಳೆಯವರಿದ್ದಾರೆ, ಎರಡು ದಿನದ ಶಿಬಿರದಲ್ಲಿ ಪ್ರಮಾಣಪತ್ರ ಪಡೆದವರೂ ಇದ್ದಾರೆ. ಎಲ್ಲಿ ಎಷ್ಟು ವರ್ಷ ಕಲಿತಿರಿ, ಆತ್ಮಹತ್ಯೆಯ ಯೋಚನೆ ಇರುವ ಮಗು ಬಂದರೆ ಯಾರ ಬಳಿಗೆ ಕಳುಹಿಸುತ್ತೀರಿ ಎಂದು ಕೇಳಿ ನೋಡಿ. ಎರಡನೆಯ ಪ್ರಶ್ನೆಗೆ ತಡವರಿಸಿದರೆ ಎದ್ದು ಬನ್ನಿ. ‘ಏಳು ದಿನದಲ್ಲಿ ಏಕಾಗ್ರತೆ’ ಎನ್ನುವ ಫಲಕಗಳ ಬಗ್ಗೆ ನಾನು ಏನೂ ಹೇಳದಿರುವುದೇ ಒಳ್ಳೆಯದು.

ಮಾತ್ರೆ ಜೀವನಪೂರ್ತಿ ಎನ್ನುವುದು ಎಲ್ಲರಿಗೂ ಅನ್ವಯಿಸುವುದಿಲ್ಲ. ಸೌಮ್ಯ ಆತಂಕಕ್ಕೆ ಮಾತಿನ ಚಿಕಿತ್ಸೆಯಿಂದಲೇ ಶುರು ಮಾಡುತ್ತೇವೆ. ಔಷಧಿ ಬೇಕಾದರೆ ಮಕ್ಕಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಫ್ಲುಆಕ್ಸೆಟಿನ್‌ನಂಥವು. ಇವು ಚಟ ಹಿಡಿಸುವುದಿಲ್ಲ. ಚಟ ಹಿಡಿಸುವ ಭಯ ಇರುವುದು ಆಲ್ಪ್ರಜೋಲಂ ತರಹದ ನಿದ್ದೆ ಮಾತ್ರೆಗಳಿಗೆ, ಅದನ್ನು ಔಷಧಿ ಅಂಗಡಿಯಿಂದ ನೀವಾಗಿಯೇ ತರಬೇಡಿ. ಫ್ಲುಆಕ್ಸೆಟಿನ್ ಕೆಲಸ ತೋರಿಸಲು ನಾಲ್ಕರಿಂದ ಆರು ವಾರ ಬೇಕು. ಗುಣ ಕಂಡ ಮೇಲೂ ಕೆಲವು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಒಂದು ಎಚ್ಚರಿಕೆಯನ್ನು ಮುಚ್ಚಿಡುವುದಿಲ್ಲ. ಖಿನ್ನತೆಯ ಮಾತ್ರೆಗಳಿಂದ ಮಕ್ಕಳಲ್ಲಿ ಆರಂಭದ ದಿನಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಸಿತು; 2007ರಲ್ಲಿ ಅದನ್ನು 24 ವರ್ಷದವರೆಗೂ ವಿಸ್ತರಿಸಿತು. ಆ ಎಚ್ಚರಿಕೆಗೆ ಆಧಾರವಾದ ಪ್ರಯೋಗಗಳಲ್ಲಿ ಔಷಧಿ ಪಡೆದವರಲ್ಲಿ ಸುಮಾರು 4 ಶೇಕಡಾ, ಔಷಧಿಯೇ ಇಲ್ಲದ ಹುಸಿ ಮಾತ್ರೆ ಪಡೆದವರಲ್ಲಿ 2 ಶೇಕಡಾ ಮಕ್ಕಳಿಗೆ ಅಂಥ ಯೋಚನೆ ಅಥವಾ ವರ್ತನೆ ಕಂಡಿತ್ತು, ಯಾರೂ ಸತ್ತಿರಲಿಲ್ಲ. ಹಾಗಾಗಿ ಕೊಡಬಾರದು ಎಂದಲ್ಲ. ಮೊದಲ ವಾರಗಳಲ್ಲಿ ಮಗು ಚಡಪಡಿಸುತ್ತಿದೆಯೇ, ನಿದ್ದೆ ಬಿಟ್ಟಿದೆಯೇ ಎಂದು ಕಣ್ಣಿಟ್ಟು ನೋಡಬೇಕು. ಹತ್ತಿರದ ವೈದ್ಯರೇ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೂ ಹೌದು.

ಮರ್ಯಾದೆಯ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಭಾವಿಸುತ್ತದೆ, ಶಿಕ್ಷಿಸುವುದಿಲ್ಲ. ‘ಪೊಲೀಸ್ ಕೇಸಾಗುತ್ತದೆ’ ಎಂದು ಮಗುವನ್ನು ಮನೆಯಲ್ಲೇ ಮಲಗಿಸಿ ಗಂಟೆಗಳನ್ನು ಕಳೆಯುವ ಮನೆಗಳಿಗಾಗಿ ಇದನ್ನು ಹೇಳುತ್ತಿದ್ದೇನೆ. ಗೋಪ್ಯತೆಗೆ ಒಂದು ಅಪವಾದವಿದೆ: 18ರೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ನಾವು ವರದಿ ಮಾಡಲೇಬೇಕು.

ಕಾಳಿ ದಂಡೆ

ಕಾರವಾರದಿಂದ. ನನ್ನ ಮಗನಿಗೆ ಎಂಟು ವರ್ಷ, ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ. ಒಂದೇ ವಿಷಯ ಸೇರಿಸುತ್ತೇನೆ, ಇಲ್ಲಿ ಯಾರೂ ಹೇಳದ್ದು: ಭಾಷೆ. ನಮ್ಮ ಮನೆಮಾತು ಕೊಂಕಣಿ. ಶಾಲೆ ಕನ್ನಡದಲ್ಲಿ. ಮೊದಲು ತೋರಿಸಿದ ಕಡೆ ವೈದ್ಯರು ಇಂಗ್ಲಿಷ್, ಹಿಂದಿಯಲ್ಲಿ ಕೇಳಿದರು, ಇವನು ಮೇಜಿನ ಕಾಲು ಒದೆಯುತ್ತಾ ಕುಳಿತ. ‘ಬುದ್ಧಿ ಮಟ್ಟ ಕಡಿಮೆ’ ಎಂದು ಬರೆದುಕೊಟ್ಟರು. ಆಮೇಲೆ ಗೋವಾದ ಬಾಂಬೋಲಿಮ್‌ನ ಆಸ್ಪತ್ರೆಗೆ ಹೋದೆವು. ಅಲ್ಲಿಯವರು ಕೊಂಕಣಿಯಲ್ಲಿ “ನಿನ್ನ ಅಜ್ಜ ಯಾವ ಮೀನು ಹಿಡಿಯುತ್ತಾರೆ?” ಎಂದು ಕೇಳಿದ್ದೇ ತಡ, ಬಂಗಡೆ, ಪೇಡಿ, ಇಸವಾಣ ಎಂದು ಬಾಯಿ ಮುಚ್ಚಲೇ ಇಲ್ಲ. ಬುದ್ಧಿ ಸರಿಯಾಗಿಯೇ ಇದೆ, ಗಮನ ನಿಲ್ಲುವುದಿಲ್ಲ ಅಷ್ಟೇ ಎಂದರು. ಮಗು ಯಾವ ಭಾಷೆಯಲ್ಲಿ ಅಳುತ್ತದೋ ಆ ಭಾಷೆ ಬಲ್ಲವರು ಸಿಕ್ಕರೆ ಕೆಲವು ಮೈಲಿ ಹೆಚ್ಚು ಹೋಗುವುದರಲ್ಲಿ ತಪ್ಪಿಲ್ಲ.

ಗಂಗಾವಳಿ

ಚರ್ಚೆ ಬೇರೆ ದಾರಿ ಹಿಡಿಯುತ್ತದೆ ಎನಿಸಿದರೆ ಕ್ಷಮಿಸಿ. ನಾನು ಅಂಕೋಲಾ ಕಡೆ ಪ್ರಾಥಮಿಕ ಶಾಲೆಯಲ್ಲಿದ್ದೇನೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ನದಿಯೊಳಗೆ ಬಂತಲ್ಲ, ಅದಾದ ಮೇಲೆ ಆ ಸುತ್ತಿನ ಮಕ್ಕಳು ಜೋರು ಮಳೆ ಬಂದರೆ ಕಿಟಕಿಯ ಕಡೆ ನೋಡುತ್ತಾರೆ. ಒಬ್ಬ ಹುಡುಗ ಚಿತ್ರ ಬರೆ ಎಂದರೆ ಗುಡ್ಡವನ್ನೇ ಬರೆಯುತ್ತಾನೆ, ಅದರ ಮೇಲೆ ಕಂದು ಬಣ್ಣವನ್ನು ಕಾಗದ ಹರಿಯುವವರೆಗೆ ಉಜ್ಜುತ್ತಾನೆ. ಮಾತನಾಡಿಸಬೇಕೇ, ಸುಮ್ಮನಿರಬೇಕೇ?

ಬಿಳಿ ಕೋಟು

ಚರ್ಚೆಗೆ ಸೇರಿದ್ದೇ. ಆ ದಿನ ಏನು ಕಂಡೆ ಎಂದು ಒತ್ತಾಯಿಸಿ ಹೇಳಿಸಬೇಡಿ, ಅದರಿಂದ ಕೆಲವರಿಗೆ ಕೇಡೇ ಆಗುತ್ತದೆ. ಅವನಾಗಿ ಬರೆದರೆ, ಹೇಳಿದರೆ ತಡೆಯಬೇಡಿ. ಮಳೆ ಜೋರಾದರೆ ಶಾಲೆಯಲ್ಲಿ ಏನು ಮಾಡುತ್ತೇವೆ, ಯಾರು ಎಲ್ಲಿ ನಿಲ್ಲುತ್ತಾರೆ, ಮನೆಯವರಿಗೆ ಯಾರು ಫೋನ್ ಮಾಡುತ್ತಾರೆ ಎಂಬುದನ್ನು ಮೊದಲೇ ಹೇಳಿ ಅಭ್ಯಾಸ ಮಾಡಿಸಿ. ಮೊದಲ ವಾರಗಳ ಭಯ ಸಹಜ. ತಿಂಗಳು ದಾಟಿದ ಮೇಲೂ ಕೆಟ್ಟ ಕನಸು, ಬೆಚ್ಚಿ ಬೀಳುವುದು, ಆ ರಸ್ತೆಯಲ್ಲಿ ಬಸ್ ಹತ್ತಲು ಒಪ್ಪದಿರುವುದು ಉಳಿದರೆ ಅದಕ್ಕೆ ಚಿಕಿತ್ಸೆ ಇದೆ, ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ.

ಬೇಲೆಕೇರಿ

ನನ್ನ ತಮ್ಮನಿಗೆ 22. ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದಾನೆ. ರಾತ್ರಿಯಿಡೀ ಎದ್ದಿರುತ್ತಾನೆ. ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತನಾಡುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ ಎನ್ನುತ್ತಾನೆ. ಪಕ್ಕದ ಮನೆಗೆ ಬೀಗ ಹಾಕಿ ಒಂದು ವರ್ಷವಾಯಿತು. ಆಸ್ಪತ್ರೆ ಎಂದರೆ ಕೂಗುತ್ತಾನೆ. ವಯಸ್ಸಿಗೆ ಬಂದವನನ್ನು ಒತ್ತಾಯಿಸಬಹುದೇ?

ಬಿಳಿ ಕೋಟು

ಇದು ಬೇಗ ನೋಡಬೇಕಾದದ್ದು. ಇಂಥದ್ದು ಹೆಚ್ಚಾಗಿ ಹದಿಹರೆಯದ ಕೊನೆಯಿಂದ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ, ಚಿಕಿತ್ಸೆ ಎಷ್ಟು ಬೇಗ ಸಿಗುತ್ತದೋ ಓದು, ಕೆಲಸ ಅಷ್ಟು ಉಳಿಯುತ್ತದೆ. ‘ಯಾರೂ ಕರೆಯುತ್ತಿಲ್ಲ’ ಎಂದು ವಾದಿಸಬೇಡಿ, ‘ಹೌದು, ಕರೆಯುತ್ತಿದ್ದಾರೆ’ ಎಂದು ಒಪ್ಪಲೂ ಬೇಡಿ. “ನಿನಗೆ ನಿದ್ದೆ ಇಲ್ಲ, ಅದಕ್ಕಾದರೂ ಔಷಧಿ ತರೋಣ” ಎನ್ನಿ. ನಿದ್ದೆಯ ದಾರಿಯಲ್ಲಿ ಹೆಚ್ಚಿನವರು ಬರುತ್ತಾರೆ. 18 ದಾಟಿದವರ ಒಪ್ಪಿಗೆ ಬೇಕು ಎಂಬುದು ನಿಯಮ. ಆದರೆ ತನಗೋ ಇತರರಿಗೋ ಅಪಾಯವಿದ್ದರೆ, ತನ್ನ ಆರೈಕೆಯನ್ನೇ ಮಾಡಿಕೊಳ್ಳಲಾಗದಿದ್ದರೆ, ಅವರ ನಾಮನಿರ್ದೇಶಿತ ಪ್ರತಿನಿಧಿಯ (ಅವರ ಪರವಾಗಿ ನಿಲ್ಲಲು ಗೊತ್ತುಪಡಿಸಿದವರ) ಕೋರಿಕೆಯ ಮೇಲೆ, ತಜ್ಞರ ಪರೀಕ್ಷೆಯ ನಂತರ 30 ದಿನಗಳವರೆಗೆ ದಾಖಲಿಸಿಕೊಳ್ಳಲು 2017ರ ಕಾಯ್ದೆಯಲ್ಲಿ ಅವಕಾಶವಿದೆ. ಕ್ರಿಮ್ಸ್‌ಗೆ ಮೊದಲು ನೀವೊಬ್ಬರೇ ಹೋಗಿ ಮಾತನಾಡಿ ಬನ್ನಿ.

ದೇವಿಮನೆ ತಿರುವು

ಎಲ್ಲರಿಗೂ ಉತ್ತರಿಸಲು ತಡವಾಯಿತು. ಅವತ್ತೇ ಅವಳನ್ನು ನೇರವಾಗಿ ಕೇಳಿದೆ. ಯೋಚನೆ ಬಂದಿತ್ತು ಎಂದಳು, ಮಾಡಿಕೊಳ್ಳಲು ಹೊರಟಿರಲಿಲ್ಲ ಎಂದಳು. 14416ಕ್ಕೆ ನಾನೇ ಮೊದಲು ಮಾತನಾಡಿದೆ, ಆಮೇಲೆ ಅವಳಿಗೆ ಫೋನ್ ಕೊಟ್ಟು ಅಂಗಳಕ್ಕೆ ಹೋದೆ. ಮಂಗಳವಾರ ಆಸ್ಪತ್ರೆಗೂ ಹೋಗಿ ಬಂದೆವು. ವೈದ್ಯರು ನನ್ನನ್ನು ಹೊರಗೆ ಕಳುಹಿಸಿ ಅವಳೊಬ್ಬಳ ಜೊತೆ ಬಹಳ ಹೊತ್ತು ಮಾತನಾಡಿದರು. ಸದ್ಯ ಮಾತ್ರೆ ಒಂದೇ, ಮಾತಿನ ಚಿಕಿತ್ಸೆಗೆ ಬೇರೆ ದಿನ ಕೊಟ್ಟಿದ್ದಾರೆ. ನಮ್ಮ ಮನೆಯವರನ್ನೂ ಕರೆದು ಕೂರಿಸಿದರು. ಅವರು ಇನ್ನೂ ‘ನಾಟಕ’ ಎನ್ನುತ್ತಾರೆ, ಆದರೆ ಅವಳ ಎದುರಿನಲ್ಲಿ ಹೇಳುವುದನ್ನು ಬಿಟ್ಟಿದ್ದಾರೆ.

ಭಾನುವಾರದ ನೋವು ಇದೆ, ಪೂರ್ತಿ ಹೋಗಿಲ್ಲ. ಕಾಲೇಜಿಗೆ ಹೋಗಿ ಬ್ಯಾಚ್ ಪಟ್ಟಿಯ ವಿಷಯ ಕೇಳಿದೆ. “ಸ್ಪರ್ಧೆಯ ಕಾಲ, ಉಳಿದ ಮಕ್ಕಳು ತಡೆದುಕೊಳ್ಳುತ್ತಾರಲ್ಲ” ಎಂದರು. ಹಾಜರಾತಿಯ ಚಿಂತೆ ಈಗ. ಕಾಯಿಲೆಯ ಹೆಸರು ಬರೆದ ಸರ್ಟಿಫಿಕೇಟ್ ಕೊಟ್ಟರೆ ಕಾಲೇಜಿನಲ್ಲೆಲ್ಲ ಗೊತ್ತಾಗುವುದಿಲ್ಲವೇ?

ಕುಮಟೆಯ ಮೇಷ್ಟ್ರು

‘ಚಿಕಿತ್ಸೆಯಲ್ಲಿದ್ದಾಳೆ, ಇಂಥ ದಿನದಿಂದ ಇಂಥ ದಿನದವರೆಗೆ ವಿಶ್ರಾಂತಿ, ನಂತರ ಹಂತ ಹಂತವಾಗಿ ತರಗತಿಗೆ’ ಎಂದಷ್ಟೇ ಬರೆಸಿಕೊಳ್ಳಿ, ಹೆಸರು ಬರೆಯಲೇಬೇಕೆಂದಿಲ್ಲ. ಪಿಯುಸಿಗೆ 75 ಶೇಕಡಾ ಹಾಜರಾತಿ ಬೇಕು, ಇದುವರೆಗೆ ಎಷ್ಟಾಗಿದೆ ಎಂದು ಲಿಖಿತವಾಗಿ ಕೇಳಿ. ಪಟ್ಟಿಯ ವಿಷಯದಲ್ಲಿ ನೀವು ಕೈಮುಗಿದು ಕೇಳುವ ಅಗತ್ಯವಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ 15 ಮಾರ್ಗಸೂಚಿಗಳನ್ನು ಕೊಟ್ಟಿದೆ. ಅಂಕದ ಮೇಲೆ ಬ್ಯಾಚ್ ವಿಂಗಡಿಸುವುದು, ಎಲ್ಲರೆದುರು ಅವಮಾನಿಸುವುದು ಬೇಡ ಎಂದಿದೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ಅರ್ಹ ಸಮಾಲೋಚಕರೊಬ್ಬರು ಇರಬೇಕು ಎಂದೂ ಇದೆ. ಈ ತೀರ್ಪನ್ನು ಉಲ್ಲೇಖಿಸಿ ಅರ್ಜಿ ಬರೆಯಿರಿ, ಒಂದು ಪ್ರತಿ ಪದವಿಪೂರ್ವ ಉಪನಿರ್ದೇಶಕರಿಗೆ. ಕರಡು ನಾನು ಬರೆದುಕೊಡುತ್ತೇನೆ, ಖಾಸಗಿ ಸಂದೇಶ ಕಳುಹಿಸಿ. ಇನ್ನೊಬ್ಬ ಪಾಲಕರ ಸಹಿ ಸಿಕ್ಕರೆ ಇನ್ನೂ ಒಳ್ಳೆಯದು, ಆ ಪಟ್ಟಿಯಲ್ಲಿ ನಿಮ್ಮ ಮಗಳೊಬ್ಬಳದೇ ಹೆಸರು ಇರುವುದಿಲ್ಲ.

ಅಘನಾಶಿನಿ

ತಂಗೀ, ಮುಂದಿನ ಮಂಗಳವಾರ ಸರ್ಕಾರಿ ರಜೆ ಬಂದಿದೆಯೇ ಎಂದು ಈಗಲೇ ನೋಡಿಕೊಳ್ಳಿ. ರಜೆಯಿದ್ದರೆ ಮಾತ್ರೆ ಮುಗಿಯುವ ಮೊದಲೇ ಬೇರೆ ದಿನ ಬಂದು ಚೀಟಿ ತೋರಿಸಿ ತೆಗೆದುಕೊಂಡು ಹೋಗಬಹುದು, ಅವಳನ್ನು ಕರೆತರಲೇಬೇಕೆಂದಿಲ್ಲ. ಎಂಡೋಸ್ಕೋಪಿಯ ಫೈಲನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ, ಹೊಸ ವೈದ್ಯರು ಬಂದರೆ ಮತ್ತೆ ಮೊದಲಿನಿಂದ ಪರೀಕ್ಷೆ ಬರೆಯುವುದು ತಪ್ಪುತ್ತದೆ.